ಗೇಮ್‌ನೊಳಗಿನ ಸಂಗೀತವನ್ನು ಎಂಪಿ3 ಮಾಡುವುದೆಂದರೆ ಏನು?

ಗಂಗಾವತಿ ಸೀಮೆಯಲ್ಲಿ ನಾಟಿಯ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಹಾಡಿಲ್ಲದೆ ಗದ್ದೆಗೆ ಇಳಿಯುವುದಿಲ್ಲ. ಪದವಿ ಓದುತ್ತಿರುವ ನನ್ನ ಅಕ್ಕನ ಮಗ ರಜೆಗೆ ಊರಿಗೆ ಬಂದವನು ಮನೆಯ ಟ್ರ್ಯಾಕ್ಟರ್‌ನ ಡೆಕ್ಕಿಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದ. ಅದರಲ್ಲಿ ಅವನು ಕೂಡಿಹಾಕಿಕೊಂಡಿದ್ದ ಹಳೆಯ ವಿಡಿಯೋ ಗೇಮ್‌ಗಳ ಸಂಗೀತವಿತ್ತು. ಡೆಕ್ಕು ಅರೆಕ್ಷಣ ಮಿನುಗಿ, ‘ನೋ ಫೈಲ್’ ಎಂದು ತೋರಿಸಿ, ತಾನಾಗಿಯೇ ರೇಡಿಯೋಗೆ ಮರಳಿತು. “ಮಾಮಾ, ಹೆಸರಿನ ಕೊನಿಗೆ ಎಂಪಿತ್ರೀ ಅಂತ ಬದ್ಲಿ ಮಾಡಿ ನೋಡೀನಿ, ಆಗ ಹೆಸರು ಕಾಣಸ್ತೈತಿ, ಆದ್ರ ಹಾಡವಲ್ದು ನೋಡ್ರಿ” ಎಂದು ಅವನು ತಲೆ ಕೆರೆದುಕೊಂಡ.

ಜೋಳದ ಚೀಲದ ಮೇಲೆ ಸೋನಾ ಮಸೂರಿ ಎಂದು ಬರೆದ ಮಾತ್ರಕ್ಕೆ ಒಳಗಿನ ಜೋಳ ಅಕ್ಕಿಯಾಗುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿರುವ ಮೂರು ನಾಲ್ಕು ಅಕ್ಷರಗಳು ಚೀಲದ ಮೇಲಿನ ಬರಹವಷ್ಟೆ. ಒಳಗಿರುವುದು ಏನು ಎಂಬುದೇ ಬೇರೆ ಪ್ರಶ್ನೆ. ಹಳೆಯ ಗೇಮ್‌ಗಳ ವಿಷಯದಲ್ಲಂತೂ ಆ ಫೈಲುಗಳ ಒಳಗೆ ಬಹಳ ಸಲ ಧ್ವನಿಯೇ ಇರುವುದಿಲ್ಲ. ಧ್ವನಿಯೇ ಇಲ್ಲದ ಫೈಲಿನಿಂದ ಹಾಡು ಹೇಗೆ ಹೊರಡುತ್ತದೆ, ಅದನ್ನು ಡೆಕ್ಕಿಗೆ ಅರ್ಥವಾಗುವ ರೂಪಕ್ಕೆ ತರುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಅಲೆ ಅಂಕಿಯಾಗುವ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಈ ಏರಿಳಿತವನ್ನು ಕಂಪ್ಯೂಟರಿನಲ್ಲಿ ಇಡಬೇಕಾದರೆ ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡಬೇಕಾಗುತ್ತದೆ. ತುಂಗಭದ್ರಾ ಜಲಾಶಯದ ನೀರಿನ ಮಟ್ಟವನ್ನು ದಿನಾಲೂ ಬರೆದಿಟ್ಟುಕೊಂಡು ಬಂದರೆ, ಆ ಅಂಕಿಗಳ ಸಾಲನ್ನು ನೋಡಿಯೇ ಮಳೆಗಾಲ ಹೇಗೆ ಏರಿತು, ಬೇಸಿಗೆ ಹೇಗೆ ಇಳಿಸಿತು ಎಂದು ಹೇಳಬಹುದಲ್ಲವೇ, ಹಾಗೆಯೇ ಇದು. ಇಲ್ಲಿ ಅಳತೆ ಮಾತ್ರ ತೀರ ದಟ್ಟವಾಗಿರುತ್ತದೆ: ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೂ 16 ಬಿಟ್ ಅಥವಾ ಎರಡು ಬೈಟ್, ಅದೂ ಎಡ ಮತ್ತು ಬಲ ಕಿವಿಗಳಿಗೆ ಬೇರೆ ಬೇರೆ. ಗುಣಿಸಿದರೆ ಒಂದು ಸೆಕೆಂಡಿಗೆ 1,76,400 ಬೈಟ್, ಒಂದು ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು. ಈ ಅಂಕಿಗಳನ್ನು ಏನೂ ಕುಗ್ಗಿಸದೆ ಹಾಗೆಯೇ ಸುರಿದಿಟ್ಟ ಫೈಲಿಗೆ ವೇವ್ ಎಂದು ಹೆಸರು. ಡೆಕ್ಕು, ಮೊಬೈಲು, ಕಂಪ್ಯೂಟರು ಯಾವುದೇ ಇರಲಿ, ಕೊನೆಗೆ ಸ್ಪೀಕರಿಗೆ ಕಳಿಸುವುದು ಇಂಥ ಅಂಕಿಗಳ ಸಾಲನ್ನೇ.

ಇಡೀ ಆಟವೇ 40 ಕೆಬಿ

ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ‘ಟಿವಿ ವಿಡಿಯೋ ಗೇಮ್’ ಎಂದು ಮಾರಾಟವಾದ, ಮೇಲೆ ಹಳದಿಯೋ ಕೆಂಪೋ ಬಣ್ಣದ ‘ಕ್ಯಾಸೆಟ್’ ಚುಚ್ಚುತ್ತಿದ್ದ ಪೆಟ್ಟಿಗೆಗಳು ಅದರದೇ ನಕಲುಗಳು. ಅದರಲ್ಲಿ ಎಲ್ಲರೂ ಆಡಿದ ಸೂಪರ್ ಮಾರಿಯೋ ಬ್ರದರ್ಸ್ 1985ರದು. ಅದರ ಸಂಗೀತ ಕೋಜಿ ಕೊಂಡೋ ಅವರದು. ಆ ಆಟದ ನಿಯಮ, ಚಿತ್ರ, ಹಂತಗಳು, ಸಂಗೀತ ಎಲ್ಲ ಸೇರಿ ಕ್ಯಾಸೆಟ್‌ನಲ್ಲಿದ್ದ ಮಾಹಿತಿ 40 ಕೆಬಿ ಮಾತ್ರ. ಅಷ್ಟು ಜಾಗದಲ್ಲಿ ಸಿಡಿ ಗುಣಮಟ್ಟದ ಧ್ವನಿಯನ್ನು ತುಂಬಿದರೆ ಒಂದು ಸೆಕೆಂಡಿನ ಕಾಲು ಭಾಗವೂ ಹಿಡಿಸುವುದಿಲ್ಲ. ಹಾಗಿದ್ದೂ ಆ ಆಟ ಗಂಟೆಗಟ್ಟಲೆ ಹಾಡುತ್ತದೆ.

ಗುಟ್ಟು ಇಷ್ಟೆ: ಕ್ಯಾಸೆಟ್‌ನಲ್ಲಿ ಇದ್ದದ್ದು ಹಾಡಲ್ಲ, ಹಾಡಿಸುವ ಆದೇಶಗಳು. ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ದೊಡ್ಡಾಟ ಕಲಿಸುವ ಮಾಸ್ತರರ ಕೈಯಲ್ಲಿರುವ ಪ್ರತಿಯನ್ನು ನೆನಪಿಸಿಕೊಳ್ಳಿ. ಯಾವ ಪದ, ಯಾವ ರಾಗ, ಯಾವ ತಾಳ, ಎಲ್ಲಿ ಕುಣಿತ ಎಂಬುದಷ್ಟೇ ಅದರಲ್ಲಿ ಬರೆದಿರುತ್ತದೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬೆಳತನಕ ನಡೆಯುವ ಆಟ ಅಡಗಿ ಕೂತಿರುತ್ತದೆ. ಆದರೆ ನೋಟ್‌ಬುಕ್ಕನ್ನು ಕಿವಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ. ಹಾರ್ಮೋನಿಯಂ, ಮದ್ದಳೆ, ತಾಳಗಳ ಹಿಮ್ಮೇಳ ಕೂತು ನುಡಿಸಿದಾಗ ಮಾತ್ರ ಅದು ಆಟವಾಗುತ್ತದೆ.

ಫ್ಯಾಮಿಕಾಮ್‌ನಲ್ಲಿ ಆ ಹಿಮ್ಮೇಳದ ಕೆಲಸ ಮಾಡುತ್ತಿದ್ದುದು ರಿಕೋ 2ಎ03 ಎಂಬ ಚಿಪ್. ಅದರಲ್ಲಿ ಐವರು ವಾದ್ಯಗಾರರಿದ್ದಾರೆ ಎಂದುಕೊಳ್ಳಬಹುದು. ಇಬ್ಬರು ಚೌಕಾಕಾರದ ಅಲೆಯ ಗಡಸು ದನಿಯವರು; ರಾಗ ಹೆಚ್ಚಾಗಿ ಇವರದೇ. ಒಬ್ಬ ತ್ರಿಕೋನ ಅಲೆಯ ಮೆತ್ತನೆಯ ದನಿಯವನು, ಕೆಳಸ್ವರಕ್ಕೆ. ಒಬ್ಬ ಬರೀ ‘ಛಸ್, ಛಸ್’ ಎನ್ನುವವನು, ತಾಳಕ್ಕೆ. ಐದನೆಯವನು ಚಿಕ್ಕದೊಂದು ಧ್ವನಿಮುದ್ರಿತ ತುಣುಕನ್ನು ಬಿಟ್ಟೂಬಿಟ್ಟೂ ಹೊಡೆಯಬಲ್ಲವನು. ಜಿಗಿತದ ಸದ್ದು, ನಾಣ್ಯದ ಸದ್ದು ಇವಕ್ಕೆಂದು ಬೇರೆ ಜನ ಇಲ್ಲ. ಆ ಕ್ಷಣಕ್ಕೆ ಈ ಐವರಲ್ಲೇ ಒಬ್ಬ ಹಾಡು ಬಿಟ್ಟು ಎದ್ದು ಬಂದು ಅದನ್ನು ನುಡಿಸಿ ಹೋಗಬೇಕು. ಆಡುವಾಗ ಕಿವಿಗೊಟ್ಟರೆ ಸದ್ದು ಬಂದಾಗಲೆಲ್ಲ ಹಾಡಿನ ಒಂದು ಎಳೆ ತಪ್ಪಿಹೋಗುವುದು ತಿಳಿಯುತ್ತದೆ.

ಈ ಯಂತ್ರದ ಸಂಗೀತಕ್ಕಾಗಿ ರೂಪುಗೊಂಡ ಫೈಲಿನ ಬಗೆಗೆ ಎನ್‌ಎಸ್‌ಎಫ್ ಎಂದು ಹೆಸರು. ಆಟದ ಪ್ರೋಗ್ರಾಮಿನಿಂದ ಸಂಗೀತ ನುಡಿಸುವ ಭಾಗವನ್ನಷ್ಟೇ ಬಿಡಿಸಿ ತೆಗೆದು, ಮುಂದೆ 128 ಬೈಟಿನ ಪೀಠಿಕೆ ಅಂಟಿಸಿದರೆ ಎನ್‌ಎಸ್‌ಎಫ್ ಆಯಿತು. ಒಂದೇ ಫೈಲಿನಲ್ಲಿ ಆಟದ ಎಲ್ಲ ಹಾಡುಗಳೂ ಇರುತ್ತವೆ. ಟ್ರ್ಯಾಕ್ಟರ್‌ನ ಡೆಕ್ಕಿನಲ್ಲಿ ಇಂಥ ಚಿಪ್ಪಾಗಲಿ, ಅದರಂತೆ ನಟಿಸುವ ಪ್ರೋಗ್ರಾಮಾಗಲಿ ಇಲ್ಲ. ಅದಕ್ಕೆ ಕೊಟ್ಟದ್ದು ನೋಟ್‌ಬುಕ್ಕು. ಹಿಮ್ಮೇಳವನ್ನು ಅದು ಎಲ್ಲಿಂದ ತರಬೇಕು?

ಆದ್ದರಿಂದ ಇಲ್ಲಿ ನಡೆಯುವ ಕೆಲಸಕ್ಕೆ ‘ಪರಿವರ್ತನೆ’ ಎನ್ನುವುದು ರೂಢಿಯ ಮಾತಾದರೂ ಅದು ಅಷ್ಟು ಸರಿಯಾದ ಮಾತಲ್ಲ ಎಂದು ನನಗೆ ಅನಿಸುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ಚಿಪ್ಪಿನಂತೆ ವರ್ತಿಸುವ ಪ್ರೋಗ್ರಾಮೊಂದು, ಅಂದರೆ ಎಮ್ಯುಲೇಟರ್, ಆದೇಶಗಳನ್ನು ಓದಿ ಹಾಡನ್ನು ಹೊಸದಾಗಿ ನುಡಿಸುತ್ತದೆ. ನುಡಿಸುತ್ತಿದ್ದಂತೆ ಹೊರಟ ಅಂಕಿಗಳನ್ನು ವೇವ್ ಫೈಲಿಗೆ ಬರೆಯಲಾಗುತ್ತದೆ. ಆಟವಾಡಿಸಿ ಮುದ್ರಿಸಿಕೊಳ್ಳುವ ಕೆಲಸ ಇದು. ಹಾಗೆಂದೇ ಎಮ್ಯುಲೇಟರ್ ಬದಲಾದರೆ ಅದೇ ಫೈಲಿನ ದನಿಯೂ ತುಸು ಬದಲಾಗುತ್ತದೆ.

ವೇಗದ ಒಂದು ಸೋಜಿಗವನ್ನೂ ಇಲ್ಲೇ ಹೇಳಿಬಿಡಬೇಕು. ಜಪಾನ್, ಅಮೆರಿಕಗಳ ಎನ್‌ಟಿಎಸ್‌ಸಿ ಟಿವಿ ಸೆಕೆಂಡಿಗೆ ಸುಮಾರು 60 ಸಲ ಪರದೆ ಬರೆಯುತ್ತಿತ್ತು. ಭಾರತದ ಪ್ಯಾಲ್ ಪದ್ಧತಿಯಲ್ಲಿ ಅದು 50. ಆ ಕಾಲದ ಹೆಚ್ಚಿನ ಆಟಗಳಲ್ಲಿ ಪರದೆ ಒಮ್ಮೆ ಬರೆದಾಗ ಸಂಗೀತವೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು. 60ಕ್ಕೆ ಬರೆದ ಹಾಡನ್ನು ಪ್ಯಾಲ್ ಯಂತ್ರದಲ್ಲಿ ಆಡಿಸಿದರೆ ಹೆಜ್ಜೆ ನಿಧಾನವಾಗುತ್ತದೆ. ಅಂಥ ಪೆಟ್ಟಿಗೆಯಲ್ಲಿ ಆಡಿ ಬೆಳೆದವರು ಇಂದು ಎನ್‌ಟಿಎಸ್‌ಸಿ ವೇಗದಲ್ಲಿ ಮುದ್ರಿಸಿಕೊಂಡ ಹಾಡು ಕೇಳಿದರೆ ‘ಇದೇಕೆ ಇಷ್ಟು ಓಡುತ್ತಿದೆ’ ಎನಿಸೀತು. ಪ್ಲೇಯರ್ ಕೆಟ್ಟಿಲ್ಲ, ನೆನಪೂ ಸುಳ್ಳಲ್ಲ.

ಯಂತ್ರಕ್ಕೊಂದು ಬಗೆಯ ಪ್ರತಿ

ಪ್ರತಿ ಯಂತ್ರದ ಚಿಪ್ ಬೇರೆಯಾದ್ದರಿಂದ ಫೈಲಿನ ಬಗೆಗಳೂ ಬೇರೆ. 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್‌ನ ಧ್ವನಿ ಭಾಗವನ್ನು ರೂಪಿಸಿದವರು ಸೋನಿಯ ಕೆನ್ ಕುಟರಗಿ. ಮುಂದೆ ಪ್ಲೇಸ್ಟೇಷನ್‌ನ ಹಿಂದೆ ನಿಂತವರೂ ಅವರೇ. ಅದರ ಧ್ವನಿ ಭಾಗಕ್ಕೆ ಸ್ವಂತದ 64 ಕೆಬಿ ನೆನಪು ಇತ್ತು. ವಾದ್ಯಗಳ ಚಿಕ್ಕ ಮುದ್ರಿತ ತುಣುಕು, ನುಡಿಸುವ ಪ್ರೋಗ್ರಾಮು, ಸ್ವರಗಳ ಪಟ್ಟಿ ಎಲ್ಲ ಅಲ್ಲಿಯೇ ಒತ್ತಿಕೊಂಡು ಕೂರಬೇಕು. ಹಾಡು ಶುರುವಾಗುವ ಗಳಿಗೆಯಲ್ಲಿ ಆ ನೆನಪಿನ ಪಡಿಯಚ್ಚು ತೆಗೆದಿಟ್ಟರೆ ಅದೇ ಎಸ್‌ಪಿಸಿ ಫೈಲು. ಅದಕ್ಕೇ ಎಸ್‌ಪಿಸಿ ಫೈಲುಗಳು, ಹಾಡು ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚುಕಡಿಮೆ ಒಂದೇ ತೂಕ: 66,048 ಬೈಟ್.

ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರದ ಸಂಗೀತಕ್ಕೆ ಬಳಕೆಯಾಗುವ ವಿಜಿಎಂ ಇನ್ನೊಂದು ದಾರಿ ಹಿಡಿಯುತ್ತದೆ. ಆಟ ಓಡುತ್ತಿರುವಾಗ ಚಿಪ್ಪಿಗೆ ಯಾವ ಗಳಿಗೆಯಲ್ಲಿ ಯಾವ ಆದೇಶ ಹೋಯಿತು ಎಂಬುದನ್ನು ಸೆಕೆಂಡಿನ 44,100ನೆಯ ಒಂದು ಭಾಗದ ಲೆಕ್ಕದಲ್ಲಿ ಬರೆದಿಟ್ಟ ದಿನಚರಿ ಅದು. ಕೊಮೊಡೋರ್ 64 ಕಂಪ್ಯೂಟರಿನ ಮೂರು ದನಿಯ ಚಿಪ್ಪಿಗೆ ಸಿಡ್, ಗೇಮ್‌ಬಾಯ್‌ಗೆ ಜಿಬಿಎಸ್, ಮೊದಲ ಪ್ಲೇಸ್ಟೇಷನ್‌ಗೆ ಪಿಎಸ್‌ಎಫ್. ಈ ಕೊನೆಯದರಲ್ಲಿ ಒಂದು ತೊಡಕಿದೆ. ಹಲವು ಹಾಡುಗಳಿಗೆ ಸಾಮಾನ್ಯವಾದ ಭಾಗವನ್ನು ಒಂದು ಲೈಬ್ರರಿ ಫೈಲಿನಲ್ಲಿಟ್ಟು, ಪ್ರತಿ ಹಾಡಿಗೂ ಪುಟ್ಟದೊಂದು ಮಿನಿಪಿಎಸ್‌ಎಫ್ ಮಾಡಿರುತ್ತಾರೆ. ಪುಟ್ಟದ್ದನ್ನು ಮಾತ್ರ ನಕಲು ಮಾಡಿಕೊಂಡು ಬಂದರೆ ಯಾವ ಪ್ಲೇಯರೂ ಅದನ್ನು ನುಡಿಸುವುದಿಲ್ಲ.

ಮಿಡಿ ಫೈಲು ಕೂಡ ಇದೇ ಜಾತಿ, ಆದರೆ ಅದರಲ್ಲಿ ವಾದ್ಯದ ದನಿಯೇ ಇರುವುದಿಲ್ಲ. ‘ಪಿಯಾನೋ, ಈ ಸ್ವರ, ಇಷ್ಟು ಹೊತ್ತು’ ಎಂಬ ಸೂಚನೆ ಮಾತ್ರ. ಪಿಯಾನೋ ಯಾವುದು ಎಂಬುದು ನುಡಿಸುವವನ ಮರ್ಜಿ. 1987ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಹುಟ್ಟಿದ ಮಾಡ್ ಬಗೆಯ ಫೈಲು ಸೂಚನೆಯ ಜೊತೆಗೆ ವಾದ್ಯದ ತುಣುಕುಗಳನ್ನೂ ಹೊತ್ತುಕೊಂಡೇ ಬರುತ್ತದೆ.

ಮೊದಲೇ ಮುದ್ರಿಸಿಟ್ಟ ಸಂಗೀತ

ಸಿಡಿ, ಡಿವಿಡಿಗಳು ಬಂದ ಮೇಲೆ ಜಾಗದ ಬರ ನೀಗಿತು. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡನ್ನೇ ಆಟದೊಳಗೆ ಇಡತೊಡಗಿದರು. ಇಲ್ಲಿ ಧ್ವನಿ ನಿಜಕ್ಕೂ ಫೈಲಿನೊಳಗೆ ಇದೆ, ಆದರೆ ಆಟದ ತಂತ್ರಾಂಶಕ್ಕೆ ಮಾತ್ರ ತೆರೆಯಲು ಬರುವ ಗಂಟಿನಲ್ಲಿ. ಜಪಾನಿನ ಸಿಆರ್‌ಐ ಕಂಪನಿಯ ಎಡಿಎಕ್ಸ್, ನಿಂಟೆಂಡೊ ವೀ ಯಂತ್ರದ ಬಿಆರ್‌ಎಸ್‌ಟಿಎಂ, ಎಫ್‌ಮಾಡ್ ತಂತ್ರಾಂಶದ ಎಫ್‌ಎಸ್‌ಬಿ, ವೈಸ್ ತಂತ್ರಾಂಶದ ಡಬ್ಲ್ಯುಇಎಂ ಇವೆಲ್ಲ ಅಂಥ ಗಂಟುಗಳು. ಇವನ್ನು ಹೊಸದಾಗಿ ನುಡಿಸಬೇಕಾಗಿಲ್ಲ, ಗಂಟು ಬಿಚ್ಚಿದರೆ ಸಾಕು. ವಿಜಿಎಂಸ್ಟ್ರೀಮ್ ಎಂಬ ಉಚಿತ ತಂತ್ರಾಂಶ ಇಂಥ ನೂರಾರು ಬಗೆಯ ಗಂಟುಗಳನ್ನು ಬಿಚ್ಚಿ ವೇವ್ ಮಾಡಿಕೊಡುತ್ತದೆ.

ಯಾವುದೇ ಫೈಲು ಕೈಗೆ ಬಂದಾಗ ಅದು ಈ ಎರಡು ಗುಂಪುಗಳಲ್ಲಿ ಯಾವುದು ಎಂದು ತಿಳಿಯುವುದೇ ಅರ್ಧ ಕೆಲಸ. ತೂಕ ನೋಡಿದರೆ ಹೆಚ್ಚಾಗಿ ಗೊತ್ತಾಗಿಬಿಡುತ್ತದೆ: ಕೆಲವೇ ಕೆಬಿ ಇದ್ದರೆ ಆದೇಶಗಳ ಪ್ರತಿ, ಹಲವು ಎಂಬಿ ಇದ್ದರೆ ಮುದ್ರಿಕೆ.

ಮುಗಿಯದ ಹಾಡಿಗೆ ಮುಕ್ತಾಯ

ಎಲ್ಲರೂ ಎಡವುವ ಜಾಗ ಇದು. ಸಿನಿಮಾ ಹಾಡಿಗೆ ಕೊನೆಯಿದೆ. ಆಟದ ಹಾಡಿಗೆ ಇಲ್ಲ. ಆಡುವವನು ಒಂದು ಹಂತದಲ್ಲಿ ಎಷ್ಟು ಹೊತ್ತು ತಿಣುಕುತ್ತಾನೋ ಅಷ್ಟು ಹೊತ್ತೂ ಅದು ಸುತ್ತುತ್ತಲೇ ಇರಬೇಕು. ಸಾಮಾನ್ಯವಾಗಿ ಮೊದಲಿಗೆ ಒಂದು ಪೀಠಿಕೆ, ಆಮೇಲೆ ಸುತ್ತುವ ಭಾಗ. ಸುತ್ತು ಮುಗಿದಾಗ ಹಾಡು ಪೀಠಿಕೆಗೆ ಹೋಗದೆ ಸುತ್ತಿನ ಮೊದಲಿಗೆ ಹಾರುತ್ತದೆ. ಭಜನೆಯಲ್ಲಿ ಪಲ್ಲವಿಗೆ ಮರಳಿದಂತೆ. ಹಾರುವ ಆ ಗುರುತಿಗೆ ಲೂಪ್ ಪಾಯಿಂಟ್ ಎನ್ನುತ್ತಾರೆ.

ಎಂಪಿ3ಗೆ ಮಾತ್ರ ಒಂದು ಉದ್ದ ಬೇಕೇ ಬೇಕು. ಆದ್ದರಿಂದ ಎಷ್ಟು ಸುತ್ತು ನುಡಿಸಬೇಕು, ಆಮೇಲೆ ಎಷ್ಟು ಸೆಕೆಂಡಿನಲ್ಲಿ ದನಿ ಇಳಿಸಿ ಮುಗಿಸಬೇಕು ಎಂಬುದನ್ನು ನಾವೇ ಹೇಳಬೇಕಾಗುತ್ತದೆ. ಏನೂ ಹೇಳದಿದ್ದರೆ ವಿಜಿಎಂಸ್ಟ್ರೀಮ್ ಎರಡು ಸುತ್ತು ನುಡಿಸಿ ಹತ್ತು ಸೆಕೆಂಡಿನಲ್ಲಿ ಇಳಿಸುತ್ತದೆ. ಕೇಳುವ ಕಿವಿಗೆ ಇದು ಹದವಾದ ಅಳತೆ. ವಿಜಿಎಂ ಫೈಲಿನಲ್ಲಿ ಲೂಪ್‌ನ ಗುರುತು ಬರೆದೇ ಇರುತ್ತದೆ, ಎಸ್‌ಪಿಸಿಯಲ್ಲಿ ಹಾಡಿನ ಸೆಕೆಂಡು ಬರೆಯಲು ಜಾಗವಿದೆ. ಆದರೆ ಹಳೆಯ ಎನ್‌ಎಸ್‌ಎಫ್‌ನಲ್ಲಿ ಉದ್ದದ ಸುಳಿವೇ ಇಲ್ಲ. ಪ್ಲೇಯರ್ ಆಗ ತನ್ನದೇ ಒಂದು ಅಳತೆ ಹಿಡಿದು ಎಲ್ಲ ಹಾಡನ್ನೂ ಅಷ್ಟಕ್ಕೇ ಕತ್ತರಿಸುತ್ತದೆ. ಅಕ್ಕನ ಮಗ ಮೊದಲ ಸಲ ಮಾಡಿಕೊಂಡ ಹದಿನೆಂಟು ಹಾಡುಗಳಲ್ಲಿ ಪ್ರತಿಯೊಂದೂ ಸರಿಯಾಗಿ ಎರಡೂವರೆ ನಿಮಿಷ ಇತ್ತು. ಎರಡು ಸೆಕೆಂಡಿನ ‘ಸತ್ತೆ’ ಎನ್ನುವ ತುತ್ತೂರಿಯ ನಂತರವೂ ಎರಡು ನಿಮಿಷ ಇಪ್ಪತ್ತೆಂಟು ಸೆಕೆಂಡಿನ ಮೌನವನ್ನು ಡೆಕ್ಕು ಶ್ರದ್ಧೆಯಿಂದ ನುಡಿಸಿತ್ತು. ಉದ್ದಗಳೆಲ್ಲ ಒಂದೇ ಬಂದರೆ ಪ್ಲೇಯರ್ ಊಹೆಯ ಮೇಲೆ ನಡೆದಿದೆ ಎಂದೇ ಅರ್ಥ.

ಕೆಲಸ ನಡೆಯುವ ಕ್ರಮ

ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಉಚಿತ ಪ್ಲೇಯರ್ ಈ ಕೆಲಸಕ್ಕೆ ಒಗ್ಗುತ್ತದೆ. ಅದಕ್ಕೆ ಗೇಮ್ ಎಮು ಪ್ಲೇಯರ್ ಎಂಬ ಪೂರಕ ತುಣುಕು ಸೇರಿಸಿದರೆ ಎನ್‌ಎಸ್‌ಎಫ್, ಎಸ್‌ಪಿಸಿ, ವಿಜಿಎಂ, ಜಿಬಿಎಸ್ ತೆರೆಯುತ್ತವೆ. ವಿಜಿಎಂಸ್ಟ್ರೀಮ್‌ನದೇ ಪೂರಕ ತುಣುಕು ಸೇರಿಸಿದರೆ ಎರಡನೆಯ ಗುಂಪೂ ತೆರೆಯುತ್ತದೆ. ಎನ್‌ಎಸ್‌ಎಫ್ ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಒಳಗಿನ ಹಾಡುಗಳೆಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಮೊದಲು ಒಂದೊಂದನ್ನೂ ಕೇಳಿ, ಯಾವುದು ಹಾಡು, ಯಾವುದು ಬರೀ ಸದ್ದು ಎಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಬೇಕಾದವನ್ನು ಆಯ್ದು, ಬಲಗುಂಡಿ ಒತ್ತಿ, ಕನ್ವರ್ಟ್ ಆಯ್ಕೆಯಲ್ಲಿ ಮೊದಲು ವೇವ್ ಮಾಡಿಕೊಳ್ಳುವುದು ಒಳ್ಳೆಯದು. ಉದ್ದ ಹೆಚ್ಚಾದವನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಅಲೆಯ ಚಿತ್ರ ನೋಡುತ್ತ ಎರಡು ಸುತ್ತಿನ ನಂತರದ್ದನ್ನು ಕತ್ತರಿಸಿ, ಕೊನೆಯ ಎಂಟೋ ಹತ್ತೋ ಸೆಕೆಂಡನ್ನು ಆಯ್ದು ‘ಫೇಡ್ ಔಟ್’ ಕೊಟ್ಟರೆ ಹಾಡು ಸಹಜವಾಗಿ ಮುಗಿಯುತ್ತದೆ. ಎಂಪಿ3 ಮಾಡುವುದು ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ. ಸುಮ್ಮನೆ ಕೇಳಿ ನೋಡುವುದಷ್ಟೇ ಇದ್ದರೆ ವಿಎಲ್‌ಸಿ ಪ್ಲೇಯರ್ ಕೂಡ ಚಿಪ್ ಸಂಗೀತದ ಹಲವು ಬಗೆಗಳನ್ನು ನುಡಿಸುತ್ತದೆ.

ಫೈಲು ಕಳಿಸಿದರೆ ಎಂಪಿ3 ಮಾಡಿಕೊಡುವ ಅಂತರಜಾಲ ತಾಣಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಧ್ವನಿಯಿಂದ ಧ್ವನಿಗೆ ಮಾತ್ರ ಬದಲಿಸುವಂಥವು. ಎಮ್ಯುಲೇಟರ್ ಇಲ್ಲದ ತಾಣಕ್ಕೆ ಎನ್‌ಎಸ್‌ಎಫ್ ಕಳಿಸಿದರೆ ಟ್ರ್ಯಾಕ್ಟರ್‌ನ ಡೆಕ್ಕು ಹೇಳಿದ ಉತ್ತರವನ್ನೇ ಅದೂ ಹೇಳುತ್ತದೆ.

ಅರಳೆ, ಬೇಲು ಮತ್ತು ಪಾಲಿಶ್ ಅಕ್ಕಿ

ಕೊನೆಗೆ ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು? ರಾಯಚೂರಿನ ಹತ್ತಿ ಮಿಲ್ಲಿನ ಅಂಗಳದಲ್ಲಿ ಬಿಡಿಯಾಗಿ ಗುಡ್ಡೆ ಹಾಕಿದ ಅರಳೆಯಂತೆ ವೇವ್: ಏನೂ ಕಳೆದಿಲ್ಲ, ಆದರೆ ಜಾಗ ತಿನ್ನುತ್ತದೆ. ಅದೇ ಅರಳೆಯನ್ನು ಯಂತ್ರದಲ್ಲಿ ಒತ್ತಿ ಕಟ್ಟಿದ ಬೇಲಿನಂತೆ ಫ್ಲ್ಯಾಕ್. ಜಾಗ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಪಟ್ಟಿ ಕತ್ತರಿಸಿ ಬಿಚ್ಚಿದರೆ ಒಂದು ಎಳೆಯೂ ಕಡಿಮೆಯಿಲ್ಲದೆ ಅದೇ ಅರಳೆ ಹೊರಬರುತ್ತದೆ.

ಎಂಪಿ3 ಹಾಗಲ್ಲ. ಗಂಗಾವತಿಯ ಮಿಲ್ಲಿನಲ್ಲಿ ಪಾಲಿಶ್ ಆದ ಅಕ್ಕಿಯಿದ್ದಂತೆ ಅದು: ಕಿವಿ ಗಮನಿಸಲಾರದು ಎಂದು ಲೆಕ್ಕ ಹಾಕಿದ ಅಂಶಗಳನ್ನು ತೌಡಿನಂತೆ ಉಜ್ಜಿ ತೆಗೆದಿರುತ್ತಾರೆ. ಹಾಗಾಗಿ 128 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ ಲೆಕ್ಕದಲ್ಲಿ, ಒಂದು ನಿಮಿಷದ ಹಾಡು ಒಂದು ಎಂಬಿಯ ಒಳಗೇ ಕೂರುತ್ತದೆ, 320ರಲ್ಲಿ ಸುಮಾರು ಎರಡೂವರೆ ಎಂಬಿ. ತಿನ್ನಲು ರುಚಿ, ಸಾಗಿಸಲು ಹಗುರ. ಆದರೆ ಹೋದ ತೌಡು ಮರಳಿ ಅಂಟುವುದಿಲ್ಲ. ಎಂಪಿ3ಯನ್ನು ಮತ್ತೆ ವೇವ್ ಮಾಡಿದರೆ ಗಾತ್ರ ಹಿಗ್ಗೀತೇ ಹೊರತು ಕಳೆದ ದನಿ ಬಾರದು, ಅದನ್ನೇ ಪುನಃ ಎಂಪಿ3 ಮಾಡಿದರೆ ಎರಡನೆಯ ಸಲ ಪಾಲಿಶ್ ಕೊಟ್ಟಂತಾಗುತ್ತದೆ. ಚಿಪ್ ಸಂಗೀತದ ಚೂಪು ಅಲೆಗಳು ಕಡಿಮೆ ಕೆಬಿಪಿಎಸ್‌ನಲ್ಲಿ ಬೇಗ ಮಂಕಾಗುತ್ತವೆ. ನನ್ನ ಕಿವಿಗೆ 192ಕ್ಕಿಂತ ಕೆಳಗೆ ತಾಳದ ‘ಛಸ್’ ಸದ್ದು ನೀರು ಚಿಮುಕಿಸಿದಂತೆ ಕೇಳುತ್ತದೆ.

ಎಂಪಿ3ಯ ಇನ್ನೊಂದು ಗುಣ ಆಟ ಕಟ್ಟುವವರಿಗೆ ಗೊತ್ತಿರಬೇಕು. ಅದು ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ ಕತ್ತರಿಸಿ ಇಡುತ್ತದೆ. ಹಾಡು ತುಂಡಿಗೆ ಸರಿಯಾಗಿ ಹೊಂದದಿದ್ದಾಗ ತುದಿಯಲ್ಲಿ ಮೌನ ತುಂಬುತ್ತದೆ, ಮೊದಲಿಗೂ ತುಸು ಸೇರುತ್ತದೆ. ಸುತ್ತಿಸಿ ನುಡಿಸಿದರೆ ಪ್ರತಿ ಸುತ್ತಿಗೂ ಒಂದು ಸಣ್ಣ ಬಿಕ್ಕಳಿಕೆ. ಆದ್ದರಿಂದ ಹಾಡನ್ನು ಮತ್ತೆ ಯಾವುದಾದರೂ ಆಟದಲ್ಲೋ ರಿಂಗ್‌ಟೋನಿನಲ್ಲೋ ಸುತ್ತಿಸಬೇಕಿದ್ದರೆ ಆಗ್ ವೋರ್ಬಿಸ್ ಎಂಬ ಇನ್ನೊಂದು ಕುಗ್ಗಿಸಿದ ರೂಪ ಅಥವಾ ವೇವ್ ಮೇಲು. ಡೆಕ್ಕು, ಕಾರು, ಹಳೆಯ ಮೊಬೈಲು ಎಂದರೆ ಎಂಪಿ3ಗೆ ಸಾಟಿಯಿಲ್ಲ. ಅದರ ಪೇಟೆಂಟ್ ಪರವಾನಗಿಯ ವ್ಯವಹಾರವೂ 2017ರಲ್ಲಿ ಮುಗಿದಿದ್ದರಿಂದ ಈಗ ಯಾವ ತಂತ್ರಾಂಶವೂ ಅದನ್ನು ಮುಕ್ತವಾಗಿ ಕೊಡಬಹುದು.

ಮೂಲದ ಎನ್‌ಎಸ್‌ಎಫ್, ಎಸ್‌ಪಿಸಿ ಫೈಲುಗಳನ್ನು ಮಾತ್ರ ಅಳಿಸಬಾರದು. ನಾಳೆ ಇನ್ನೂ ನಿಖರವಾದ ಎಮ್ಯುಲೇಟರ್ ಬಂದರೆ ಹೊಸದಾಗಿ ಆಡಿಸಲು ಬೇಕಾಗುವುದು ಆ ಪ್ರತಿಯೇ, ಮತ್ತು ಅದು ತಿನ್ನುವ ಜಾಗವೂ ಲೆಕ್ಕಕ್ಕಿಲ್ಲದಷ್ಟು.

ಹಕ್ಕಿನ ಪ್ರಶ್ನೆ

ರೂಪ ಬದಲಾದರೆ ಹಕ್ಕು ಬದಲಾಗುವುದಿಲ್ಲ. ಸಂಗೀತ ರಚನೆಯ ಹಕ್ಕು, ಅದರ ಧ್ವನಿಮುದ್ರಿಕೆಯ ಹಕ್ಕು, ಆಟದ ಪ್ರೋಗ್ರಾಮಿನ ಹಕ್ಕು ಇವು ಬೇರೆ ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಖಾಸಗಿ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ ವಿನಾಯಿತಿ ನೀಡುತ್ತದೆ, ಆದರೆ ಅದೇ ವಾಕ್ಯ ಕಂಪ್ಯೂಟರ್ ಪ್ರೋಗ್ರಾಮನ್ನು ಹೊರಗಿಟ್ಟಿದೆ. ಎನ್‌ಎಸ್‌ಎಫ್‌ನಂಥ ಫೈಲಿನೊಳಗೆ ಇರುವುದು ಪ್ರೋಗ್ರಾಮಿನದೇ ತುಂಡು ಎಂಬುದನ್ನು ಇಲ್ಲಿ ಗಮನಿಸಬೇಕು. ಮದುವೆ ವಿಡಿಯೋಗೆ ಹಚ್ಚಿ ಅಂತರಜಾಲಕ್ಕೆ ಏರಿಸುವುದು, ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ತುಂಬಿ ಮಾರುವುದು ಖಾಸಗಿ ಬಳಕೆಯ ಗೆರೆ ದಾಟುತ್ತವೆ. ಹಲವು ಕಂಪನಿಗಳು ತಮ್ಮ ಆಟಗಳ ಸಂಗೀತವನ್ನು ಈಗ ತಾವೇ ಆಲ್ಬಂ ಆಗಿ ಮಾರುತ್ತವೆ. ಅಂಥದ್ದು ಸಿಗುವುದಾದರೆ ಈ ಯಾವ ತಾಪತ್ರಯವೂ ಇಲ್ಲ.

ಹೆಸರು ಬರೆಯುವುದು

ಉಳಿದದ್ದು ಹೆಸರಿನ ಕೆಲಸ. ಎನ್‌ಎಸ್‌ಎಫ್‌ನ ಪೀಠಿಕೆಯಲ್ಲಿ ಆಟದ ಹೆಸರು, ಸಂಗೀತಗಾರರ ಹೆಸರು, ಹಕ್ಕುದಾರರ ಹೆಸರು ಇವಕ್ಕೆ ತಲಾ 32 ಬೈಟ್ ಜಾಗವಿದೆ. ಒಂದೊಂದು ಹಾಡಿನ ಹೆಸರಿಗೆ ಜಾಗವೇ ಇಲ್ಲ. ಎಂಪಿ3 ಆದ ಮೇಲೆ ಅವುಗಳ ಟ್ಯಾಗ್‌ನಲ್ಲಿ ಕೈಯಾರೆ ತುಂಬಬೇಕು. ಅಕ್ಕನ ಮಗ ಒಂದು ಮಧ್ಯಾಹ್ನ ಕೂತು ‘ನೀರೊಳಗಿನ ಹಾಡು’, ‘ಕೋಟೆ ಹಾಡು’ ಎಂದು ಹದಿನೆಂಟಕ್ಕೂ ಕನ್ನಡದಲ್ಲೇ ಹೆಸರಿಟ್ಟ. ಟ್ರ್ಯಾಕ್ಟರ್ ಶುರು ಮಾಡಿ ಪೆನ್‌ಡ್ರೈವ್ ಹಾಕಿದಾಗ ಹಾಡು ಸ್ವಚ್ಛವಾಗಿ ಬಂತು. ಡೆಕ್ಕಿನ ಪುಟ್ಟ ಪರದೆಯ ಮೇಲೆ ಹೆಸರಿನ ಜಾಗದಲ್ಲಿ ಮಾತ್ರ ಚೌಕಗಳ ಸಾಲು ಸರಿಯುತ್ತಿತ್ತು. ಆ ಡೆಕ್ಕಿಗೆ ಕನ್ನಡ ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣವೆಂದು ನಾನೆಂದೆ. “ಇರ್ಲಿ ಬಿಡ್ರಿ ಮಾಮಾ, ಚೌಕ ನೋಡಿದ್ರ ಗೇಮಿಂದs ಅನಸ್ತೈತಿ” ಎಂದು ಅವನು ಗೇರ್ ಹಾಕಿದ.